ಬಾಡಿಗೆ ಕ್ಯಾಂಪಿಂಗ್ ಕಿಟ್: ಮೂರು ಜನ, ಒಂದು ನಾಯಿ, ಎರಡು ರಾತ್ರಿ

ಬೆಂಗಳೂರಿನಲ್ಲಿ ಟೆಂಟು ಬಾಡಿಗೆಗೆ ಕೊಡುವ ಅಂಗಡಿಗಳು ‘ಫ್ಯಾಮಿಲಿ ಕಿಟ್’ ಎಂದು ಕಟ್ಟಿಕೊಡುವ ಗಂಟಿನಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ. ನಾಲ್ಕು ಜನರ ಗುಮ್ಮಟದಂಥ ಟೆಂಟು, ನಾಲ್ಕು ಸ್ಲೀಪಿಂಗ್ ಬ್ಯಾಗು, ನಾಲ್ಕು ಫೋಮ್ ಚಾಪೆ, ಗ್ಯಾಸ್ ಡಬ್ಬಿಯ ಒಲೆ, ಎರಡು ಎಲ್‌ಇಡಿ ದೀಪ, ಕೆಳಗೆ ಹಾಸಲು ಒಂದು ತೆಳು ಶೀಟು. ಇಲ್ಲಿ ಒರೆಗೆ ಹಚ್ಚಿರುವುದು ಅಂಥದ್ದೇ ಒಂದು ಕಿಟ್ಟನ್ನು. ಅಂಗಡಿಯ ಹೆಸರು ಬೇಡ. ಇದೇ ಮಾಲು ಹತ್ತು ಕಡೆ ಸಿಗುತ್ತದೆ, ಗುಣದೋಷವೂ ಅದೇ.

ತೀರ್ಪು ಮೊದಲೇ ಹೇಳಿಬಿಡೋಣ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಒಂದು ರಾತ್ರಿ ಕಳೆಯಲು ಈ ಕಿಟ್ ಸಾಕೋ ಸಾಕು. ನಲ್ಲಿ, ಕಕ್ಕಸು, ಕರೆಂಟು ಯಾವುದೂ ಇಲ್ಲದ ನದಿದಂಡೆಗೋ ಗುಡ್ಡದ ಮಗ್ಗುಲಿಗೋ ಮಗುವನ್ನೂ ನಾಯಿಯನ್ನೂ ಕರೆದುಕೊಂಡು ಹೊರಟರೆ ಲೆಕ್ಕ ಬೇರೆ. ಟೆಂಟಿನ ಮೇಲುಬಟ್ಟೆ ತಡೆಯುತ್ತದೆ, ಕೋಲುಗಳೂ ತಡೆಯುತ್ತವೆ. ಕೈಕೊಡುವುದು ಟೆಂಟಿನ ತಳ ಮತ್ತು ಗೂಟ. ಅವೆರಡಕ್ಕೂ ಮೊದಲೇ ವ್ಯವಸ್ಥೆ ಮಾಡಿಕೊಂಡರೆ ಕೊಟ್ಟ ಬಾಡಿಗೆಗೆ ಮೋಸವಿಲ್ಲ.

ಮೊದಲು ಜಾಗದ ಮಾತು. ‘ನಾಲ್ಕು ಜನ’ ಎನ್ನುವುದು ಕಾರ್ಖಾನೆಯ ಲೆಕ್ಕ: ತಲೆಗೆ 60 ಸೆಂಟಿಮೀಟರ್ ಅಗಲ, ಮಗ್ಗುಲು ಬದಲಿಸಬಾರದು ಅಷ್ಟೆ. ಈ ಟೆಂಟಿನ ಒಳ ಅಳತೆ 240 × 210 ಸೆಂ.ಮೀ. ಇಬ್ಬರು ದೊಡ್ಡವರಿಗೆ 65ರಂತೆ 130, ಮಗುವಿಗೆ 50, ಉಳಿದ 60 ನಾಯಿಗೆ. ಲ್ಯಾಬ್ರಡಾರ್ ಗಾತ್ರದ ನಾಯಿ ಕಾಲು ಚಾಚಿ ಮಲಗಿದರೆ ಅಷ್ಟು ಬೇಕೇ ಬೇಕು. ಅಲ್ಲಿಗೆ ಜಾಗ ಮುಗಿಯಿತು. ಬ್ಯಾಗು, ಚಪ್ಪಲಿ, ಪಾತ್ರೆ ಎಲ್ಲ ಕಾರಿನಲ್ಲೇ. ನಾಯಿಯನ್ನು ಬಾಗಿಲ ಕಡೆ ಮಲಗಿಸಬೇಡಿ. ರಾತ್ರಿ ಹೊರಗೆ ನರಿ ಓಡಾಡಿದರೂ ಸಾಕು, ಎದ್ದು ಸೊಳ್ಳೆಪರದೆ ಕೆರೆಯುತ್ತದೆ. ಒಮ್ಮೆ ಉಗುರು ಸಿಕ್ಕಿಕೊಂಡರೆ ಪರದೆ ಉದ್ದಕ್ಕೆ ಹರಿಯುತ್ತದೆ, ಠೇವಣಿಯೂ ಅದರ ಜೊತೆಗೇ ಹೋಗುತ್ತದೆ. ಬಾಗಿಲಿಗೆ ಎದುರು ಗೋಡೆಯ ಪಕ್ಕ ನಾಯಿ, ಅದರ ಪಕ್ಕ ಅದು ಮಾತು ಕೇಳುವ ಮನುಷ್ಯ, ನಡುವೆ ಮಗು, ಬಾಗಿಲಿಗೆ ಇನ್ನೊಬ್ಬರು. ದೊಡ್ಡ ಮಕ್ಕಳಿಬ್ಬರಿದ್ದರೆ ಎರಡು ಟೆಂಟು ತೆಗೆದುಕೊಳ್ಳಿ, ಚೌಕಾಸಿ ಬೇಡ.

ನಾಯಿಯನ್ನು ಹೊರಗೆ ಕಟ್ಟಿ ಮಲಗಿಸಿದರಾಯಿತಲ್ಲ ಎನ್ನುವವರಿಗೆ ಒಂದೇ ಉತ್ತರ: ಚಿರತೆ. ರಾಮನಗರ, ಮಾಗಡಿ, ಕನಕಪುರದ ಕಡೆಯ ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ. ಅವಕ್ಕೆ ನಾಯಿ ಎಂದರೆ ಸುಲಭದ ತುತ್ತು. ಹಗ್ಗ ಕಟ್ಟಿದ ನಾಯಿಯಂತೂ ತಟ್ಟೆಗೆ ಬಡಿಸಿಟ್ಟ ಹಾಗೆ. ಕತ್ತಲಾದ ಮೇಲೆ ನಾಯಿ ಒಳಗೇ ಇರಬೇಕು, ಮೂತ್ರಕ್ಕೆ ಹೊರಗೆ ಹೋದರೂ ಹಗ್ಗ ಕೈಯಲ್ಲೇ ಇರಬೇಕು. ಆದ್ದರಿಂದ ಟೆಂಟಿನ ಗಾತ್ರವನ್ನು ನಿರ್ಧರಿಸುವುದು ಮನೆಯ ಯಜಮಾನನಲ್ಲ, ನಾಯಿ.

ಇನ್ನು ತಳ. ಮೇಲುಬಟ್ಟೆಯ ಚೀಟಿಯಲ್ಲಿ 2000 ಮಿ.ಮೀ. ಎಂದು ಬರೆದಿದೆ. ಬಟ್ಟೆಯ ಮೇಲೆ ಅಷ್ಟು ಎತ್ತರಕ್ಕೆ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂದು ಇದರ ಅರ್ಥ. ನಮ್ಮ ಮಳೆಗೆ ಧಾರಾಳವಾಯಿತು. ತಳಕ್ಕೆ ಅದೇ ಅಂಕಿ ಸಾಲದು. ಮೊಣಕಾಲೂರಿದಾಗ, ನಾಯಿ ನಾಲ್ಕು ಪಾದದ ಮೇಲೆ ಭಾರ ಹಾಕಿದಾಗ, ಆ ಸಣ್ಣ ಜಾಗದ ಒತ್ತಡ ಮಳೆಯ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಕೆಳಗಿನ ಒದ್ದೆ ಮಣ್ಣಿನ ನೀರು ಬಟ್ಟೆಯ ಮೂಲಕ ಒಳಕ್ಕೆ ಒಸರುತ್ತದೆ. ಟಾರ್ಪಾಲಿನ್ ಥರದ ದಪ್ಪ ಪಾಲಿಥೀನ್ ತಳವಿರುವ ಟೆಂಟು ಸಿಕ್ಕರೆ ಅದನ್ನೇ ಆರಿಸಿ, ಒಂದು ಕಿಲೋ ಭಾರ ಹೆಚ್ಚಾದರೂ ಸರಿ. ಈ ಕಿಟ್ಟಿನದು ತೆಳು ಪಾಲಿಯೆಸ್ಟರ್. ಕಿಟ್ಟಿನ ಜೊತೆಗೆ ಬರುವ ಶೀಟಂತೂ ಮದುವೆ ಊಟದ ಟೇಬಲ್ಲಿಗೆ ಹಾಸುವ ಕಾಗದಕ್ಕಿಂತ ಸ್ವಲ್ಪ ವಾಸಿ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಕೆಳಗೆ ಒಂದು ಗಟ್ಟಿ ಟಾರ್ಪಾಲಿನ್, ಒಳಗೆ ಮನೆಯ ಹತ್ತಿ ಜಮಖಾನ. ಟಾರ್ಪಾಲಿನ್ ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಾದರೆ ಅಂಚನ್ನು ಒಳಕ್ಕೆ ಮಡಚಿ. ಅದು ಹೊರಗೆ ಚಾಚಿಕೊಂಡಿದ್ದರೆ ಮೇಲುಬಟ್ಟೆಯಿಂದ ಇಳಿಯುವ ನೀರೆಲ್ಲ ಅದರ ಮೇಲೆ ಬಿದ್ದು ಟೆಂಟಿನ ಅಡಿಗೇ ಹರಿದು ಕೆರೆಯಾಗುತ್ತದೆ. ಹೊಸಬರ ಟೆಂಟು ಒದ್ದೆಯಾಗುವುದು ಬಹುಪಾಲು ಹೀಗೇ. ಬೈಗುಳ ಮಾತ್ರ ಟೆಂಟಿಗೆ. ಜಮಖಾನ ಉಗುರನ್ನೂ ತಡೆಯುತ್ತದೆ, ಒದ್ದೆ ನಾಯಿಯ ಮೈನೀರನ್ನೂ ಹೀರುತ್ತದೆ. ನಾಯಿಯ ಉಗುರನ್ನು ಹೊರಡುವ ಹಿಂದಿನ ದಿನ ಕತ್ತರಿಸಬೇಡಿ. ಹೊಸದಾಗಿ ಕತ್ತರಿಸಿದ ಅಂಚು ಬ್ಲೇಡಿನಂತಿರುತ್ತದೆ. ನಾಲ್ಕೈದು ದಿನ ಮುಂಚೆ ಕತ್ತರಿಸಿದರೆ ಡಾಂಬರು ರಸ್ತೆಯ ಮೇಲಿನ ನಡಿಗೆಯಲ್ಲೇ ಸವೆದು ಮೊಂಡಾಗುತ್ತದೆ. ಅಷ್ಟರ ಮೇಲೂ ತಳ ತೂತಾದರೆ ಆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ರಿಪೇರಿ ಟೇಪನ್ನು ಒಳಗೂ ಹೊರಗೂ ಹಚ್ಚಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿಕೊಳ್ಳಿ, ಚೌಕ ಮೂಲೆ ಬೇಗ ಏಳುತ್ತದೆ.

ಗೂಟದ ವಿಷಯಕ್ಕೆ ಬಂದರೆ ಕಿಟ್ಟಿಗೆ ನೇರವಾಗಿ ಸೊನ್ನೆ. ಕೊಟ್ಟಿರುವುದು ಒಂದು ಗೇಣಿಗಿಂತ ಚಿಕ್ಕದಾದ ತಂತಿ ಕೊಕ್ಕೆಗಳು. ಬೇಸಿಗೆಯ ಗಟ್ಟಿ ಕೆಂಪುಮಣ್ಣಿಗೆ ಹೊಡೆದರೆ ಬಗ್ಗುತ್ತವೆ, ಮಳೆಗೆ ಸಡಿಲವಾದ ಮಣ್ಣಿನಲ್ಲಿ ಎಳೆದರೆ ಕೈಗೇ ಬರುತ್ತವೆ, ಮರಳಿನಲ್ಲಂತೂ ಇದ್ದೂ ಇಲ್ಲದ ಹಾಗೆ. ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ 8 ಮಿ.ಮೀ. ಕಟ್ಟಡದ ಕಂಬಿಯನ್ನು 35 ಸೆಂ.ಮೀ. ತುಂಡು ಮಾಡಿಸಿ, ಮೇಲಿನ 5 ಸೆಂ.ಮೀ. ಕೊಕ್ಕೆಯಂತೆ ಬಗ್ಗಿಸಿ, ಇನ್ನೊಂದು ತುದಿಯನ್ನು ಚೂಪು ಮಾಡಿಸಿಕೊಳ್ಳಿ. ಒಂದೊಂದು ಸುಮಾರು 140 ಗ್ರಾಂ, ಹನ್ನೆರಡಕ್ಕೆ 1.7 ಕಿಲೋ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಇದು ಹೆಚ್ಚಾಯಿತು. ಕಾರು ಪಕ್ಕದಲ್ಲೇ ನಿಲ್ಲುವವರಿಗೆ ಏನೂ ಅಲ್ಲ. ಕಂಬಿಯ ಮೇಲಿನ ಗೆರೆಗಳೇ ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ತಲೆಗೆ ಕೆಂಪು ಪೇಂಟ್ ಬಳಿಯಿರಿ, ಹುಲ್ಲಿನಲ್ಲಿ ಕಳೆಯುವುದಿಲ್ಲ, ಕಾಲಿಗೂ ಚುಚ್ಚುವುದಿಲ್ಲ.

ಹೊಡೆಯುವಾಗ ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಅಡಿಗೆ ಹೋಗಬೇಕು. ನೆಟ್ಟಗೆ ಹೊಡೆದ ಗೂಟ ಗಾಳಿಯ ಪ್ರತಿ ಎಳೆತಕ್ಕೂ ಕೂದಲೆಳೆಯಷ್ಟು ಮೇಲೆ ಬರುತ್ತಾ ರಾತ್ರಿ ಎರಡರ ಹೊತ್ತಿಗೆ ಹೊರಗಿರುತ್ತದೆ. ನದಿಯ ಮರಳಿನಲ್ಲಿ ಕಂಬಿಯೂ ನಿಲ್ಲದು. ಅಲ್ಲಿ ಒಂದೊಂದು ಹಗ್ಗದ ತುದಿಗೂ ಒಂದು ಬಟ್ಟೆ ಚೀಲ ಕಟ್ಟಿ, ಮರಳು ತುಂಬಿ, ಒಂದೂವರೆ ಗೇಣು ಆಳಕ್ಕೆ ಹೂತು, ಮೇಲೆ ತುಳಿದು ಗಟ್ಟಿ ಮಾಡಬೇಕು. ಚೀಲವಿಲ್ಲದಿದ್ದರೆ ಮೊಳದುದ್ದದ ಕಟ್ಟಿಗೆಯನ್ನು ಹಗ್ಗಕ್ಕೆ ಅಡ್ಡಲಾಗಿ ಹೂತರೂ ಆದೀತು. ಬಂಡೆಯ ಮೇಲೆ ಇನ್ನೊಂದು ಉಪಾಯ: ಹಗ್ಗದ ತುದಿಗೆ ಸಣ್ಣ ಕಲ್ಲು ಕಟ್ಟಿ, ಟೆಂಟಿಗೂ ಆ ಸಣ್ಣ ಕಲ್ಲಿಗೂ ನಡುವೆ ಹಗ್ಗದ ಮೇಲೆ ದೊಡ್ಡ ಕಲ್ಲಿಡಿ. ಎಳೆದಾಗ ಸಣ್ಣದು ಹೋಗಿ ದೊಡ್ಡದರ ಬೆನ್ನಿಗೆ ಸಿಕ್ಕಿ ನಿಲ್ಲುತ್ತದೆ. ನೇರವಾಗಿ ಕಲ್ಲಿಗೇ ಸುತ್ತಿದ ಹಗ್ಗ ಬಂಡೆಯ ಅಂಚಿಗೆ ಉಜ್ಜಿ ತುಂಡಾಗುತ್ತದೆ.

ಕೋಲುಗಳು ಫೈಬರ್‌ಗ್ಲಾಸ್, 8.5 ಮಿ.ಮೀ. ಸಾಧಾರಣ ಗಾಳಿಗೆ ಚೆನ್ನಾಗಿ ಬಾಗಿ ನಿಲ್ಲುತ್ತವೆ. ಮುರಿಯುವುದು ಗಾಳಿಯಿಂದಲ್ಲ, ಅವಸರದಿಂದ. ಒಂದು ತುಂಡು ಇನ್ನೊಂದರ ಲೋಹದ ಕೊಳವೆಯೊಳಗೆ ಪೂರ್ತಿ ಕೂರದೆ ಬಗ್ಗಿಸಿದರೆ ತುದಿ ಉದ್ದಕ್ಕೆ ಸೀಳುತ್ತದೆ. ಮಕ್ಕಳು ಕೋಲು ಕೊಡವಿ ಟಕಟಕನೆ ಜೋಡಿಸುವುದು ನೋಡಲು ಚೆಂದ, ಆಮೇಲೆ ಒಂದೊಂದು ಗೆಣ್ಣನ್ನೂ ಕೈಯಿಂದ ಒತ್ತಿ ನೋಡಿ. ಸೀಳಿದರೆ ಮೇಲೆ ಹಾಕಲು 10–12 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ, ಬಿಗಿಯಲು ಗಟ್ಟಿ ಟೇಪು ಜೊತೆಗಿರಲಿ. ಸೀಳಿನ ಮೇಲೆ ಬರಿಗೈ ಆಡಿಸಬೇಡಿ, ಫೈಬರ್ ಮುಳ್ಳು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ.

ಅಂಗಡಿಯಲ್ಲೇ ಟೆಂಟನ್ನು ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ಮೇಲುಬಟ್ಟೆಯ ಒಳಮೈ ಮುಟ್ಟಿ. ಅಂಟಂಟಾಗಿ, ಹುಳಿತ ವಾಂತಿಯ ವಾಸನೆ ಬರುತ್ತಿದ್ದರೆ ನೀರು ತಡೆಯುವ ಲೇಪ ಕೊಳೆಯತೊಡಗಿದೆ ಎಂದರ್ಥ. ಒದ್ದೆಯಿದ್ದಾಗಲೇ ಮಡಚಿಟ್ಟ ಟೆಂಟುಗಳಿಗೆ ಬರುವ ರೋಗವದು, ಔಷಧಿಯಿಲ್ಲ, ಬೇರೆ ಕೇಳಿ. ಹೊಲಿಗೆಯ ಮೇಲಿನ ಟೇಪು ಸಿಪ್ಪೆಯಂತೆ ಎದ್ದಿದ್ದರೂ ಹಾಗೆಯೇ. ಜಿಪ್ ಎಳೆದ ಮೇಲೆ ಹಿಂದೆಯೇ ಬಾಯಿ ಬಿಡುತ್ತಿದ್ದರೆ ಹಲ್ಲು ಹಾಳಾಗಿಲ್ಲ, ಎಳೆಯುವ ಗುಂಡಿ ಸವೆದಿದೆ. ಇಕ್ಕಳದಿಂದ ಅದರ ಎರಡು ಪಕ್ಕ ಹಗುರವಾಗಿ ಒತ್ತಿದರೆ ಆ ವಾರಾಂತ್ಯಕ್ಕೆ ಸಾಕಾಗುತ್ತದೆ. ಈ ಕಿಟ್ಟಿನಲ್ಲಿ ಬಟ್ಟೆ, ಹೊಲಿಗೆ ಎರಡೂ ಚೆನ್ನಾಗಿದ್ದವು. ಆ ಮಟ್ಟಿಗೆ ಅಂಗಡಿಯವರಿಗೆ ಮೆಚ್ಚುಗೆ ಸಲ್ಲಬೇಕು.

ಬೆಳಿಗ್ಗೆ ಒಳಗೋಡೆ ಒದ್ದೆಯಾಗಿದ್ದರೆ ಸೋರಿತು ಎಂದು ಗಾಬರಿಯಾಗಬೇಡಿ. ಮೂರು ಜನರ ಉಸಿರು, ರಾತ್ರಿಯಿಡೀ ನಾಯಿಯ ಏದುಸಿರು, ನದಿಯ ತಂಪು ಗಾಳಿ ಸೇರಿದರೆ ಬಟ್ಟೆಯ ಒಳಮೈಯಲ್ಲಿ ಬೆವರು ಹನಿಗಟ್ಟುತ್ತದೆ. ಮೇಲುಬಟ್ಟೆ ಒಳಬಟ್ಟೆಗೆ ತಾಗದಂತೆ ಹಗ್ಗ ಬಿಗಿಯಾಗಿರಲಿ, ಬಾಗಿಲ ಹೊರ ಜಿಪ್ಪನ್ನು ಮೇಲಿನಿಂದ ಒಂದು ಗೇಣು ತೆರೆದಿಡಿ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿರುವ ಕನಿಷ್ಠ ತಾಪಮಾನದ ಅಂಕಿಯನ್ನು ನಂಬಬೇಡಿ. ಅದು ಜೀವ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟವಲ್ಲ. ‘ಕಂಫರ್ಟ್’ ಎಂಬ ಅಂಕಿ ನೋಡಿ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಹೆಚ್ಚುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರಿನ ಎತ್ತರದ ಎಸ್ಟೇಟುಗಳು ಅದಕ್ಕಿಂತಲೂ ಮೇಲಿವೆ, ಗಾಳಿ ಬೇರೆ. ಡಿಸೆಂಬರ್–ಜನವರಿಯಲ್ಲಿ ಮಗುವಿಗೆ ಕಿಟ್ಟಿನ ಬ್ಯಾಗಿನ ಜೊತೆ ಮನೆಯ ಕಂಬಳಿ ಇರಲಿ. ಗಾಳಿ ತುಂಬುವ ಹಾಸಿಗೆ ಕೊಡುತ್ತೇವೆ ಎಂದರೆ ಬೇಡವೆನ್ನಿ, ನಾಯಿಯ ಒಂದು ಉಗುರಿಗೆ ಅದರ ಕಥೆ ಮುಗಿಯಿತು. ಫೋಮ್ ಚಾಪೆಯೇ ಕ್ಷೇಮ. ನಾಲ್ಕನೆಯದು ನಾಯಿಗೆ.

ಒಲೆ ಚೆನ್ನಾಗಿದೆ. 220 ಗ್ರಾಂ ಆಸುಪಾಸಿನ ಡಬ್ಬಿ ದೊಡ್ಡ ಉರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ ಬರುತ್ತದೆ. ಮೂರು ಲೀಟರಿನ ಕುಕ್ಕರ್ ಒಯ್ದರೆ ಎರಡು ರಾತ್ರಿಗೆ ಎರಡು ಡಬ್ಬಿ ಸಾಕು, ಮೂರನೆಯದು ಎಚ್ಚರಿಕೆಗೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಕೂತರೆ ಮೂರೂ ಖಾಲಿ. ಒಂದೇ ಅಪಾಯವೆಂದರೆ ಒಲೆಗಿಂತ ದೊಡ್ಡ ದೋಸೆ ಕಾವಲಿ. ಅದರ ಶಾಖ ಪಕ್ಕದ ಡಬ್ಬಿಯ ಗೂಡಿನ ಮೇಲೆ ಬಿದ್ದು ಡಬ್ಬಿ ಕಾದು ಒತ್ತಡ ಏರುತ್ತದೆ. ಗಾಳಿಗೆ ಮರೆ ಮಾಡುವಾಗಲೂ ಡಬ್ಬಿಯ ಪಕ್ಕವನ್ನು ತೆರೆದೇ ಬಿಡಿ. ಚಳಿ ಎಂದು ಒಲೆಯನ್ನಾಗಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಟೆಂಟಿನೊಳಗೆ ಇಡಲೇಬಾರದು. ಉರಿಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಾಯಿಯೂ ಎಬ್ಬಿಸುವುದಿಲ್ಲ. ಅಂದಹಾಗೆ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಉಳಿದ ಪಲಾವು, ಸಾರು ಅದಕ್ಕೆ ಹಾಕಬೇಡಿ. ಬೇಯಿಸಿದ ಕೋಳಿಮೂಳೆಯೂ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ.

ದೀಪಗಳು ಪರವಾಗಿಲ್ಲ, ಆದರೆ ಬಿಳಿ ಬೆಳಕು. ಮೊದಲ ಮಳೆಯ ನಂತರ ರೆಕ್ಕೆಯ ಗೆದ್ದಲು ಮುತ್ತಿಕೊಂಡು ಅನ್ನದ ತಟ್ಟೆಗೇ ಬೀಳುತ್ತವೆ. ಹಳದಿ ಬೆಳಕಿಗೆ ಹುಳ ಕಡಿಮೆ.

ಕಿಟ್ಟಿನಲ್ಲಿ ಇಲ್ಲದ, ಇರಲೇಬೇಕಾದ ವಸ್ತು ಹಗಲಿನಲ್ಲಿ ನಾಯಿ ಕಟ್ಟುವ ಹಗ್ಗ. ಟೆಂಟಿನ ಕೋಲಿಗೆ ಕಟ್ಟಿದರೆ ಒಂದು ಅಳಿಲಿಗೆ ಇಡೀ ಟೆಂಟು ನೆಲಕ್ಕೆ. 10 ಮೀಟರ್ ಉದ್ದ, 8–10 ಮಿ.ಮೀ. ದಪ್ಪದ ನೈಲಾನ್ ಹಗ್ಗವನ್ನು ಎರಡು ಮರಗಳ ನಡುವೆ ತಲೆಗೆ ತಾಗದಷ್ಟು ಎತ್ತರಕ್ಕೆ ಬಿಗಿದು, ಅದರ ಮೇಲೆ ಜಾರುವ ಲೋಹದ ಕೊಂಡಿಗೆ ನಾಯಿಯ ಹಗ್ಗ ಸಿಕ್ಕಿಸಿ. ಆ ಹಗ್ಗ ನಾಯಿ ನಿಲ್ಲಲು, ಮಲಗಲು ಸಾಕಾಗುವಷ್ಟೇ ಉದ್ದವಿರಲಿ. ಎರಡೂ ಮರದಿಂದ ಒಂದೂವರೆ ಮೀಟರ್ ಈಚೆಗೆ ಗಂಟು ಹಾಕಿದರೆ ಕೊಂಡಿ ಅಲ್ಲೇ ನಿಲ್ಲುತ್ತದೆ, ನಾಯಿ ಮರಕ್ಕೆ ಸುತ್ತಿಕೊಳ್ಳುವುದಿಲ್ಲ. ಕುತ್ತಿಗೆ ಪಟ್ಟಿಗಲ್ಲ, ಎದೆಪಟ್ಟಿಗೆ ಕಟ್ಟಿ. ನೀರಿಗಿಳಿಸುವಾಗ ಮಾತ್ರ ಉದ್ದ ಹಗ್ಗ ಸಿಕ್ಕಿಸಿ ಬಿಡಬೇಡಿ, ಬೇರಿಗೆ ಸುತ್ತಿಕೊಂಡರೆ ಮುಳುಗುತ್ತದೆ.

ಎಲ್ಲಿ ಹೂಡುವುದು ಎನ್ನುವುದಕ್ಕೆ ಅಂಗಡಿಯವರು ಕೊಟ್ಟ ಚೀಟಿಯೇ ಈ ಸೇವೆಯ ಅತಿ ಕೆಟ್ಟ ಭಾಗ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಎಂದು ಹೆಸರು ಸುರಿದಿದ್ದಾರೆ. ಅದೆಲ್ಲ ಕಾವೇರಿ ವನ್ಯಜೀವಿಧಾಮದ ಸೀಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ತಂಗುವಂತಿಲ್ಲ, ಸಾಕುನಾಯಿಯನ್ನಂತೂ ಒಯ್ಯುವಂತೆಯೇ ಇಲ್ಲ. ಸ್ಕಂದಗಿರಿಯಂಥ ಬೆಟ್ಟಗಳಿಗೂ ಚಾರಣಕ್ಕೆ ಮೊದಲೇ ಬುಕಿಂಗ್ ಬೇಕು. ಹತ್ತಿ ಇಳಿಯಬಹುದು, ಟೆಂಟು ಹೂಡಲು ಅಲ್ಲ. ನಾಯಿ ಜೊತೆಗಿದ್ದರೆ ಉಳಿಯುವ ದಾರಿ ಒಂದೇ: ಕಾಡಿನ ಗಡಿಯಿಂದ ದೂರವಿರುವ ಖಾಸಗಿ ತೋಟ, ಹೊಲ, ಎಸ್ಟೇಟು, ಅದೂ ಮಾಲೀಕರ ಒಪ್ಪಿಗೆಯೊಂದಿಗೆ. ‘ಅಣ್ಣಾ, ಈ ಕಡೆ ಆನೆ ಬರ್ತಾವಾ?’ ಎಂದು ಮೊದಲು ಕೇಳಿ. ಬರುತ್ತವೆ ಎಂದರೆ ಬೇರೆ ಜಾಗ ನೋಡಿ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಈ ಪ್ರಶ್ನೆಯನ್ನು ಮರೆಯಲೇಬೇಡಿ. ನಾಯಿ ಆನೆಗೆ ಬೊಗಳುತ್ತಾ ಹೋಗುತ್ತದೆ, ಆನೆ ತಿರುಗಿದರೆ ಓಡಿ ಬರುವುದು ನಿಮ್ಮ ಹತ್ತಿರಕ್ಕೇ.

ನದಿದಂಡೆಯಲ್ಲಿ ನೀರಿನ ಮಟ್ಟ ನೋಡಿ ಜಾಗ ಹಿಡಿಯಬೇಡಿ, ಪೊದೆಗಳಿಗೆ ಸಿಕ್ಕಿಕೊಂಡಿರುವ ಹುಲ್ಲು, ಪ್ಲಾಸ್ಟಿಕ್ ಕಸದ ಗೆರೆ ನೋಡಿ. ಹಿಂದಿನ ಸಲ ನೀರು ಬಂದಿದ್ದು ಅಲ್ಲಿಯವರೆಗೆ. ಟೆಂಟು ಅದಕ್ಕಿಂತ ಮೇಲಿರಬೇಕು. ನಿಮ್ಮ ತಲೆಯ ಮೇಲೆ ಮಳೆ ಬರದಿದ್ದರೂ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಾವೇರಿ ಏರುತ್ತದೆ. ಮುತ್ತತ್ತಿ, ಸಂಗಮ, ಮೇಕೆದಾಟು ಕಡೆ ಸುಳಿಗಳಿಗೆ ಜೀವಗಳು ಹೋಗಿವೆ, ಮೊಸಳೆಯೂ ಇದೆ; ನಾಯಿ ಈಜು ಬಲ್ಲದು ಎಂಬ ಧೈರ್ಯ ಅಲ್ಲಿ ನಡೆಯದು. ಕುಡಿಯುವ ನೀರು ಮನೆಯಿಂದಲೇ ಬರಲಿ: ಅಡುಗೆ ಸೇರಿ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್, ನಾಯಿಗೆ ತೂಕದ ಪ್ರತಿ ಕಿಲೋಗೆ 50–60 ಮಿ.ಲೀ., ಬಿಸಿಲಿದ್ದರೆ ಅದರ ಎರಡರಷ್ಟು. ಅರ್ಕಾವತಿಯ ನೀರನ್ನು ಕುದಿಸಿ ಕುಡಿಯುವ ಸಾಹಸ ಬೇಡ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅದಕ್ಕೇ ಸೇರುವುದು. ಕುದಿಸಿದರೆ ರೋಗಾಣು ಸಾಯಬಹುದು, ರಾಸಾಯನಿಕ ಹೋಗುವುದಿಲ್ಲ. ಕಕ್ಕಸಿಗೆ ನೀರಿನಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ. ನಾಯಿಯದ್ದೂ ಅದೇ ಗುಂಡಿಗೆ.

ಉಣ್ಣೆಯ ಕಾಟ ಹುಲ್ಲಿರುವ ಕಡೆಯೆಲ್ಲ ಇದೆ. ನಾಯಿಗೆ ಉಣ್ಣೆ ತಡೆಯುವ ಔಷಧಿ ಹೊರಡುವ ಮುಂಚೆಯೇ ಆಗಿರಲಿ. ಇಲಿಜ್ವರ, ರೇಬೀಸ್ ಲಸಿಕೆಯ ದಿನಾಂಕವನ್ನೂ ಆಗಲೇ ನೋಡಿಸಿ. ಪ್ರತಿ ಸಂಜೆ ಕಿವಿಯೊಳಗೆ, ಬೆರಳ ಸಂದಿ, ಬಾಲದ ಬುಡ, ಕಂಕುಳು ತಡಕಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಮಾಡಿದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕುತ್ತದೆ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಹರಡುವುದು ಉಣ್ಣೆಯಿಂದಲೇ. ಮಂಗ ಸತ್ತ ಸುದ್ದಿಯಿರುವ ಊರಿಗೆ ಆ ಋತುವಿನಲ್ಲಿ ಹೋಗಲೇಬೇಡಿ. ಕಾಡು ಸುತ್ತಿ ಬಂದ ನಾಯಿ ಮಗುವಿರುವ ಟೆಂಟಿನೊಳಗೇ ಮಲಗುವುದು.

ವಾಪಸು ಕೊಡುವಾಗ ಜಗಳವಾಗುವುದು ಕೂದಲು ಮತ್ತು ಕೆಸರಿಗೆ. ಕರಾರಿನಲ್ಲಿ ನಾಯಿಯ ಮಾತೇ ಇಲ್ಲ, ಠೇವಣಿ ಹಿಡಿಯುವಾಗ ಮಾತ್ರ ಅದು ನೆನಪಾಗುತ್ತದೆ. ಒಯ್ಯುವಾಗಲೇ ‘ನಾಯಿ ಇರುತ್ತೆ’ ಎಂದು ಹೇಳಿ ಚೀಟಿಯಲ್ಲಿ ಬರೆಸಿ, ಪರದೆ, ತಳ, ಜಿಪ್ಪುಗಳ ಫೋಟೋ ತೆಗೆದುಕೊಳ್ಳಿ, ಕೋಲು–ಕೊಕ್ಕೆ ಎಣಿಸಿ ಬರೆಸಿ. ಮನೆಗೆ ಬಂದ ಮೇಲೆ ಟೆಂಟನ್ನು ತಾರಸಿಯ ನೆರಳಿನಲ್ಲಿ ಒಳಹೊರಗು ಮಾಡಿ ಅರ್ಧ ದಿನ ಒಣಗಿಸಿ, ಕೈಗೆ ಒದ್ದೆ ರಬ್ಬರ್ ಗ್ಲೌಸ್ ಹಾಕಿ ತಳ ಸವರಿದರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ. ವಾಷಿಂಗ್ ಮಷಿನ್ನಿಗೆ ಮಾತ್ರ ಹಾಕಬೇಡಿ, ಲೇಪ ಕಿತ್ತುಹೋಗುತ್ತದೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೋಗುವವರು ಟೆಂಟನ್ನು ಸ್ವಂತಕ್ಕೆ ಕೊಂಡು, ಒಲೆ, ಸ್ಲೀಪಿಂಗ್ ಬ್ಯಾಗು ಮಾತ್ರ ಬಾಡಿಗೆಗೆ ತರುವುದು ಲೇಸು.